ಬೈ ಅಂದರೆ ಎರಡು

ರಾಧಾಮಣಿ ದಿನಕ್ಕೆ ಎಷ್ಟು ಸಲ ‘ಬೈವೋಲ್ಟೈನ್’ ಅನ್ನುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಹಾಲು ಹಾಕಲು ಡೇರಿಗೆ ಹೋದರೆ ಅದೇ ಮಾತು, ನೆಂಟರ ಮನೆ ಮದುವೆಗೆ ಹೋದರೆ ಅಲ್ಲೂ ಅದೇ ಮಾತು. ಕನಕಪುರದಿಂದ ಉಯ್ಯಂಬಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ, ಬಸ್ಸು ನಿಲ್ಲುವ ಹೊಂಗೆಮರಕ್ಕೆ ಎದುರಾಗಿ ಅವಳ ಮನೆ. ಪಕ್ಕದಲ್ಲಿ ರೇಷ್ಮೆಹುಳ ಸಾಕುವ ಉದ್ದನೆಯ ಶೆಡ್ಡು, ಹಿಂದೆ ಹಿಪ್ಪುನೇರಳೆ ತೋಟ. ಊರಿನ ಮಿಕ್ಕವರೆಲ್ಲ ಹಳದಿ ಗೂಡಿನ ಮಿಶ್ರತಳಿ ಹುಳವನ್ನೇ ನೆಚ್ಚಿಕೊಂಡಿದ್ದಾಗ, ಧೈರ್ಯ ಮಾಡಿ ಬಿಳಿ ಗೂಡಿನ ಬೈವೋಲ್ಟೈನಿಗೆ ಕೈಹಾಕಿದವಳು ಅವಳೇ. ಬಲು ನಾಜೂಕಿನ ಹುಳ ಅದು. ಸೆಕೆ ಹೆಚ್ಚಾದರೆ ಮುನಿಸು, ಸೊಪ್ಪು ಒದ್ದೆಯಾದರೆ ಕಾಯಿಲೆ. “ಹೊಸ ಅಳೀನ್ನ ಮನೇಲಿಟ್ಕೊಂಡಂಗೆ ಕಣವ್ವ ಇದು,” ಎಂದು ಅತ್ತೆ ಕೆಂಚಮ್ಮ ಗೊಣಗುತ್ತಿದ್ದಳು. ಆದರೂ ರಾಧಾಮಣಿಯ ಕೈಗೆ ಅದು ಒಗ್ಗಿತು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರುಗಳು ಅವಳ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಮೆಚ್ಚಿ ತಲೆದೂಗುತ್ತಿದ್ದರು.

ಒಂದು ದಿನ ಮಾಗಡಿ ಕಡೆಯಿಂದ ಹತ್ತಾರು ಹೆಂಗಸರು ಅವಳ ಶೆಡ್ಡು ನೋಡಲು ಬಂದರು. ಜೊತೆಗೆ ರೇಷ್ಮೆ ಇಲಾಖೆಯ ಅಧಿಕಾರಿ ಮನೋಹರ್. ರಾಧಾಮಣಿ ಸೆರಗು ಬಿಗಿದು, ಚಿಕ್ಕ ಹುಳಕ್ಕೆ ಎಳೆ ಸೊಪ್ಪನ್ನು ಹೇಗೆ ಕತ್ತರಿಸಿ ಹಾಕಬೇಕು, ಕಿಟಕಿಯನ್ನು ಯಾವಾಗ ತೆರೆಯಬೇಕು ಎಂದೆಲ್ಲ ಗಂಟಲು ಬಿಟ್ಟು ಹೇಳುತ್ತಿದ್ದಳು. ಆಗ ಒಬ್ಬ ಹೊಸ ಸೊಸೆ ಕೇಳಿದಳು:

“ಅಕ್ಕ, ಬೈವೋಲ್ಟೈನು ಬೈವೋಲ್ಟೈನು ಅಂತೀರಲ್ಲ, ಹಂಗಂದ್ರೇನು?”

ರಾಧಾಮಣಿ ತಡವರಿಸಲಿಲ್ಲ. “ವೋಲ್ಟು ಅಂದ್ರೆ ಕರೆಂಟು ಕಣವ್ವ. ಚಳಿ ಬಂದ್ರೆ ಈ ಹುಳಕ್ಕೆ ಬಲ್ಬ್ ಹಾಕಿ ಬಿಸಿ ಕೊಡ್ಬೇಕು. ಅದ್ಕೇ ವೋಲ್ಟೈನು.”

“ಮತ್ತೆ ಬೈ ಅಂದ್ರೆ?”

ಮೂಲೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಕೆಂಚಮ್ಮ ತಲೆ ಎತ್ತದೆ ಅಂದಳು: “ಇನ್ನೇನವ್ವ, ಸೊಪ್ಪು ತರೋದು ಒಸಿ ತಡ ಆದ್ರೆ ನನ್ ಮಗನ್ನ ಹಿಡ್ಕೊಂಡು ಬೈತಾಳಲ್ಲ, ಅದೇ ಬೈ!”

ಶೆಡ್ಡಿನ ತಗಡು ಅದುರುವಂತೆ ಎಲ್ಲರೂ ನಕ್ಕರು. ಮನೋಹರ್ ಕೂಡ ನಕ್ಕು, ಕಣ್ಣೊರೆಸಿಕೊಂಡು ಹೇಳಿದರು: “ಬೈ ಅಂದ್ರೆ ಎರಡು ರಾಧಮ್ಮ. ವೋಲ್ಟೈನ್ ಅನ್ನೋದು ಇಟಲಿ ಕಡೆ ಮಾತಿಂದ ಬಂದದ್ದು, ಒಂದು ಸುತ್ತು ಅಂತ. ವರ್ಷಕ್ಕೆ ಎರಡು ಸುತ್ತು ಮರಿ ಮಾಡೋ ಹುಳ.”

“ಎರಡೇ ಸುತ್ತಾ? ನಾವು ವರ್ಷವೆಲ್ಲ ಬೆಳೆ ತೆಗೀತೀವಲ್ಲ ಸಾ?”

“ಅದರ ಪಾಡಿಗೆ ಬಿಟ್ರೆ ಎರಡೇ. ಮೊಟ್ಟೇನ ಆಸಿಡ್ ನೀರಲ್ಲಿ ಅದ್ದಿ ನಾವೇ ಬೇಗ ಎಬ್ಬಿಸ್ತೀವಿ, ಅದಕ್ಕೇ ಮತ್ತೆ ಮತ್ತೆ ಬೆಳೆ ಬರುತ್ತೆ.”

ಹೊರಡುವಾಗ ಮನೋಹರ್ ರಾಧಾಮಣಿಯನ್ನು ಪಕ್ಕಕ್ಕೆ ಕರೆದರು. ಮಹಿಳಾ ರೇಷ್ಮೆ ಬೆಳೆಗಾರರ ಒಕ್ಕೂಟದವರು ಊರೂರಿಗೆ ಹೋಗಿ ತರಬೇತಿ ಕೊಡುವ ಹೆಂಗಸರನ್ನು ಹುಡುಕುತ್ತಿದ್ದಾರೆ, ನಿಮ್ಮ ಹೆಸರು ಹೇಳುತ್ತೇನೆ ಎಂದರು. “ಅದಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಿರ್ಬೇಕು, ನಿಮ್ದು ಆಗಿದೆಯಲ್ಲ?”

ರಾಧಾಮಣಿ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆರೆದಳು. “ಓದೀನಿ ಸಾ. ಪಾಸಾಗಿಲ್ಲ. ಇಂಗ್ಲಿಷು ಒಂದು ಹೊಂಟೋಯ್ತು.”

ಅದು ಹೋಗಿದ್ದು ಅವಳ ತವರಾದ ಕೆಂಪಾಪುರದಲ್ಲಿದ್ದಾಗ. ಲೆಕ್ಕದಲ್ಲಿ ಅವಳು ಚುರುಕು, ಕನ್ನಡವಂತೂ ಸರಿಯೇ ಸರಿ. ಇಂಗ್ಲಿಷ್ ಪರೀಕ್ಷೆಯ ದಿನ ಮಾತ್ರ ಪ್ರಶ್ನೆಪತ್ರಿಕೆ ಕೈಗೆ ಬರುತ್ತಿದ್ದಂತೆ ಬೆವರಿ, ಹೆಸರು ನಂಬರು ಬರೆದು, ಉಳಿದ ಹೊತ್ತನ್ನೆಲ್ಲ ಮುಂದಿನ ಬೆಂಚಿನ ಹುಡುಗಿಯ ಜಡೆ ನೋಡುತ್ತ ಕಳೆದಿದ್ದಳು. ಅಪ್ಪ ಮರಿಯಪ್ಪ “ಓದಿದ್ದು ಸಾಕು ಬುಡವ್ವ” ಎಂದು ಗಂಡು ನೋಡಿದ. ಅಶ್ವಥ್ ಒಳ್ಳೆಯವನು, ಸಂಸಾರ ಸುಸೂತ್ರವಾಗಿ ನಡೆಯಿತು. ಆದರೆ ಇಂಗ್ಲಿಷಿನ ಜೊತೆ ಅವಳದು ಮಾತು ಬಿಟ್ಟ ನೆಂಟರ ಸಂಬಂಧವಾಯಿತು. ಔಷಧಿ ಬಾಟಲಿ ಬಂದರೆ ಗಂಡನ ಕೈಗೆ, ಬ್ಯಾಂಕಿನ ಕಾಗದ ಬಂದರೆ ಪಕ್ಕದ ಮನೆಗೆ. ಎದುರು ಸಿಕ್ಕರೂ ಮುಖ ತಿರುಗಿಸಿ ಹೋಗುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

ಅವತ್ತು ಮಾತ್ರ ಆ ‘ಬೈ’ ಅವಳನ್ನು ಬಿಡಲಿಲ್ಲ. ಎರಡಕ್ಕೆ ಟೂ ಅನ್ನುತ್ತಾರೆ, ಅಷ್ಟು ಅವಳಿಗೂ ಗೊತ್ತು. ಟೂ ಇದ್ದ ಮೇಲೆ ಈ ಬೈ ಎಲ್ಲಿಂದ ಬಂತು?

ಸಂಜೆ ಹೊಂಗೆಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಶಾಲಿನಿ ಕೂತಿದ್ದಳು. ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಟೀಚರು, ದಿನವೂ ಕನಕಪುರದಿಂದ ಬಂದು ಹೋಗುತ್ತಿದ್ದಳು. ವಾಪಸು ಹೋಗುವ ಬಸ್ಸಿಗೆ ಹೊತ್ತುಗೊತ್ತು ಇರಲಿಲ್ಲವಾದ್ದರಿಂದ ಆ ಬೆಂಚಿನ ಮೇಲೆ ಅವಳ ಅರ್ಧ ಆಯುಷ್ಯ ಕಳೆಯುತ್ತಿತ್ತು. ರಾಧಾಮಣಿ ಒಂದು ಲೋಟ ಮಜ್ಜಿಗೆ ಹಿಡಿದು ರಸ್ತೆ ದಾಟಿದಳು.

“ಮೇಡಮ್ಮೋರೆ, ಬೈ ಅಂದ್ರೆ ಎರಡಾ?”

“ಯಾವ ಬೈ ರಾಧಕ್ಕ?”

“ನಮ್ಮ ಬೈವೋಲ್ಟೈನು.”

ಶಾಲಿನಿ ಮಜ್ಜಿಗೆ ಕುಡಿಯುತ್ತ ಎದುರಿನ ಶೆಡ್ಡಿನ ಕಡೆ ನೋಡಿದಳು. ಅಲ್ಲಿ ಇಲಾಖೆಯವರು ಹೊಡೆದ ಬೋರ್ಡಿತ್ತು: ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. “ಮೇಲಿನ ಸಾಲು ಓದಿ ನೋಡೋಣ.”

“ದ್ವಿತಳಿ ರೇಷ್ಮೆ ಸಾಕಣೆ ಮನೆ.”

“ದ್ವಿ ಅಂದ್ರೆ?”

“ಎರಡು.”

“ಕೆಳಗೆ ಅದೇ ಜಾಗದಲ್ಲಿ ಬೈ ಅಂತ ಇದೆ. ದ್ವಿಗೂ ಬೈಗೂ ಒಂದೇ ಬೇರು. ಇಂಗ್ಲಿಷಿನವರು ಅದನ್ನ ಲ್ಯಾಟಿನ್ನಿಂದ ತಗೊಂಡ್ರು. ಲ್ಯಾಟಿನ್ ಅಂದ್ರೆ ಹಿಂದೆ ರೋಮ್‌ನವರು ಆಡ್ತಿದ್ದ ಭಾಷೆ. ಲ್ಯಾಟಿನ್ನು, ಸಂಸ್ಕೃತ ಎರಡೂ ಬಹಳ ಹಿಂದೆ ಒಂದೇ ತಾಯಿ ಮಕ್ಕಳು. ಅವರಲ್ಲೂ ಮೊದಲು ದ್ವಿ ಥರದ ಶಬ್ದವೇ ಇತ್ತು. ಬಾಯಿಂದ ಬಾಯಿಗೆ ಹೋಗ್ತಾ ದ, ವ ಎರಡೂ ಒಂದಕ್ಕೊಂದು ಒತ್ತಿ ಬ ಆಗಿಬಿಡ್ತು.”

ರಾಧಾಮಣಿಗೆ ಅದು ತಟ್ಟನೆ ಹಿಡಿಯಿತು. “ಓದೋವಾಗ ಬಂದು ಬಿಟ್ಟ ಅಂತೀವಿ, ಮಾತಾಡೋವಾಗ ಬಂದ್ಬುಟ್ಟ ಅಂತೀವಿ, ಹಂಗೆ?”

“ಹಾಗೇ ಅಂದ್ಕೊಳ್ಳಿ.”

“ಹಂಗಾದ್ರೆ ಬೈಕು?”

“ಬೈಸಿಕಲ್ ಅಂದ್ರೆ ಎರಡು ಚಕ್ರ. ಬೈಕ್ ಅನ್ನೋದು ಅದರ ಮೋಟು ರೂಪ.”

ತನ್ನ ಮನೆಯ ಮುಂದೆ ನಿಂತಿದ್ದ ಗಂಡನ ಬೈಕನ್ನು ರಾಧಾಮಣಿ ಮೊದಲ ಸಲ ನೋಡಿದ ಹಾಗೆ ನೋಡಿದಳು. ಹೌದಲ್ಲ, ಎರಡೇ ಚಕ್ರ!

ಮಾತು ಎಸ್ಸೆಸ್ಸೆಲ್ಸಿಗೂ ಒಕ್ಕೂಟಕ್ಕೂ ಹೋಯಿತು. ಶಾಲಿನಿ ಲೋಟ ಕೆಳಗಿಟ್ಟು, “ಪರೀಕ್ಷೆ ಕಟ್ಟಿ ರಾಧಕ್ಕ. ಬಸ್ಸು ಬರೋವರೆಗೂ ನಾನು ಹೇಳ್ಕೊಡ್ತೀನಿ,” ಎಂದಳು.

ಹಾಗೆ ಶುರುವಾಯಿತು ಹೊಂಗೆಮರದ ಪಾಠ. ಬಸ್ಸು ಸರಿಯಾದ ಹೊತ್ತಿಗೆ ಬಂದರೆ ಪಾಠ ಕೆಟ್ಟ ಹಾಗೆ. ದೂರದ ತಿರುವಿನಲ್ಲಿ ಹಾರನ್ನು ಕೇಳಿದರೆ ರಾಧಾಮಣಿಯ ಮುಖ ಬಾಡುತ್ತಿತ್ತು. ಒಂದು ಸಂಜೆ ಬಸ್ಸು ದಾರಿಯಲ್ಲೇ ಕೆಟ್ಟು ನಿಂತು, ಭೂತಕಾಲ ವರ್ತಮಾನಕಾಲ ಎರಡೂ ಒಂದೇ ಏಟಿಗೆ ಮುಗಿದವು. ಶಾಲಿನಿ ಗ್ರಾಮರು, ಪದ್ಯ ಎಲ್ಲ ಹೇಳಿಕೊಡುತ್ತಿದ್ದಳು. ಆದರೆ ರಾಧಾಮಣಿಗೆ ರುಚಿ ಹತ್ತಿದ್ದು ಮಾತ್ರ ಪದದ ತಲೆಯಲ್ಲಿ ಕೂತ ಆ ಸಂಖ್ಯೆಗಳದು. ಯೂನಿ ಅಂದರೆ ಒಂದು; ಎಲ್ಲರಿಗೂ ಒಂದೇ ರೂಪ ಕೊಟ್ಟರೆ ಯೂನಿಫಾರ್ಮು. ಟ್ರೈ ಅಂದರೆ ಮೂರು, ನಮ್ಮ ತ್ರಿಶೂಲದ ತ್ರಿಯೇ. ಕ್ವಾಡ್ ನಾಲ್ಕು. ಸೆಂಟ್ ಅಂದರೆ ನೂರು. ಕ್ರಿಕೆಟ್ಟಿನ ಸೆಂಚುರಿಯೂ ಅಲ್ಲಿಂದಲೇ, ಬ್ಯಾಂಕಿನವರ ಪರ್ಸೆಂಟೂ ಅಲ್ಲಿಂದಲೇ. ಇಷ್ಟು ವರ್ಷ ಮುಖ ತಿರುಗಿಸಿದ್ದ ನೆಂಟರ ಮನೆಯಲ್ಲಿ ತನ್ನವರೇ ತುಂಬಿದ್ದಾರೆ ಎಂದು ತಿಳಿದ ಹಾಗಾಯಿತು ಅವಳಿಗೆ.

ಕಲಿತಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ಅವಳದಲ್ಲ. ಮುದ್ದೆ ಮುರಿಯುತ್ತಿದ್ದ ಗಂಡನಿಗೆ ಹೇಳಿದಳು: “ನೋಡಿ, ಕ್ವಾರ್ಟರ್ ಅಂದ್ರೆ ನಾಕರಲ್ಲಿ ಒಂದು ಪಾಲು. ಲ್ಯಾಟಿನ್ನು.”

“ಅದು ನಂಗೆ ಲ್ಯಾಟಿನ್ನು ಗೊತ್ತಿಲ್ದೇನೇ ಗೊತ್ತು ಕಣಮ್ಮಿ,” ಎಂದ ಅಶ್ವಥ್.

ಅತ್ತೆಗೂ ಪಾಠವಾಯಿತು. ಕೆಂಚಮ್ಮ ಇವತ್ತಿಗೂ ದೂರವನ್ನು ಮೈಲಿಯಲ್ಲೇ ಹೇಳುವವಳು. ಮಿಲಿ ಅಂದರೆ ಸಾವಿರ, ರೋಮ್‌ನ ಸಿಪಾಯಿಗಳು ಎಡಗಾಲು ಬಲಗಾಲು ಎರಡೂ ಊರಿದರೆ ಒಂದು ಹೆಜ್ಜೆ ಎಂದು ಎಣಿಸಿ, ಅಂಥ ಸಾವಿರ ಹೆಜ್ಜೆಗೆ ಇಟ್ಟ ಹೆಸರೇ ಮೈಲಿಯಾಯಿತು ಎಂದು ಸೊಸೆ ವಿವರಿಸಿದಾಗ ಮುದುಕಿ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. “ಹಂಗಾದ್ರೆ ನಾನು ಹುಟ್ಟಿದಾಗ್ಲಿಂದ ಲ್ಯಾಟಿನ್ನೇ ಮಾತಾಡ್ತಾ ಇವ್ನಿ ಅನ್ನು!”

ಒಂದು ಸಂಜೆ ರಾಧಾಮಣಿ ಮುಖ ಗಂಟಿಕ್ಕಿಕೊಂಡು ಬೆಂಚಿಗೆ ಬಂದಳು. “ಮೇಡಮ್ಮೋರೆ, ನಿಮ್ಮ ಲೆಕ್ಕ ಎಲ್ಲೋ ತಪ್ಪೈತೆ.”

“ಏನಾಯ್ತು?”

“ಸಪ್ತ ಅಂದ್ರೆ ಏಳು, ಅಷ್ಟ ಅಂದ್ರೆ ಎಂಟು. ಸೆಪ್ಟೆಂಬರು, ಅಕ್ಟೋಬರು ಅಂದ್ರೆ ಅವೇ ತಾನೆ? ನವ ನವೆಂಬರು, ದಶ ಡಿಸೆಂಬರು. ನೆನ್ನೆ ಕ್ಯಾಲೆಂಡರ್ ನೋಡ್ತಾ ಹೊಳೀತು, ನಂಗೇ ಖುಷಿ ಆಗೋಯ್ತು. ಆಮೇಲೆ ಎಣಿಸಿದ್ರೆ ಸೆಪ್ಟೆಂಬರು ಒಂಬತ್ತನೇ ತಿಂಗ್ಳು! ಡಿಸೆಂಬರು ಹನ್ನೆರಡು! ಏಳಕ್ಕೆ ಹೆಸರಿಟ್ಟು ಒಂಬತ್ತರಲ್ಲಿ ಕೂರಿಸಿದ್ರೆ ಹೆಂಗೆ?”

ಶಾಲಿನಿ ಅವಳನ್ನೇ ನೋಡಿದಳು. “ಇದನ್ನ ನಾನು ಹೇಳ್ಕೊಡಲಿಲ್ಲ. ನೀವೇ ಹಿಡಿದ್ರಾ?”

“ತಪ್ಪಾ?”

“ಸರಿಯಾಗೇ ಹಿಡಿದಿದೀರಿ. ಆ ಕಾಲದಲ್ಲಿ ರೋಮ್‌ನವರಿಗೆ ವರ್ಷ ಶುರುವಾಗ್ತಿದ್ದದ್ದು ಮಾರ್ಚಿಗೆ. ಈಗ ಅಲ್ಲಿಂದ ಎಣಿಸಿ.”

ರಾಧಾಮಣಿ ಬೆರಳು ಮಡಿಸಿದಳು. ಮಾರ್ಚಿ, ಏಪ್ರಿಲ್ಲು, ಮೇ… ಸೆಪ್ಟೆಂಬರಿಗೆ ಸರಿಯಾಗಿ ಏಳು ಬಂತು. ಕಣ್ಣರಳಿಸಿ ಅಂದಳು: “ಅಂದ್ರೆ ಅವ್ರಿಗೂ ನಮ್ಮಂಗೆ ಯುಗಾದಿ ಹೊತ್ಗೇ ಹೊಸ ವರ್ಷ ಅನ್ನಿ!”

“ಆಮೇಲೆ ವರ್ಷದ ತಲೆ ಜನವರಿಗೆ ಹೋಯ್ತು. ಹೆಸರು ಮಾತ್ರ ಹಳೇದೇ ಉಳೀತು.”

ಬಸ್ಸು ಬಂದು ನಿಂತು ಹಾರನ್ನು ಹೊಡೆದರೂ ಇಬ್ಬರಿಗೂ ಕೇಳಿಸಲಿಲ್ಲ. ಕಂಡಕ್ಟರು ಇಳಿದು ಬಂದು ಕರೆಯಬೇಕಾಯಿತು.

ಇಷ್ಟಾದ ಮೇಲೆ ರಾಧಾಮಣಿಗೆ ಕೊಂಚ ತಲೆ ನಿಲ್ಲದಂತಾಯಿತು. ಅದು ಬಯಲಾದದ್ದು ರಾಮನಗರದಲ್ಲಿ. ಗೂಡು ಹಾಕಿ ಹರಾಜಿಗೆ ಕಾಯುತ್ತ ಕೂತಿದ್ದಾಗ ಹಫೀಜಾ ಸಿಕ್ಕಳು. ಅವಳೂ ಅವಳ ಗಂಡ ಗಫಾರನೂ ಚನ್ನಪಟ್ಟಣದಲ್ಲಿ ನೂಲು ತೆಗೆಯುವವರು. ರಾಧಾಮಣಿಯ ಗೂಡು ಎಷ್ಟೋ ಸಲ ಅವರ ಮನೆಗೇ ಹೋಗುತ್ತಿತ್ತು, ಅದರಿಂದ ಗೆಳೆತನ. ರಾಧಾಮಣಿ ತನ್ನ ಸಪ್ತ ಅಷ್ಟ ನವ ದಶ ಒಪ್ಪಿಸಿದ್ದೇ ತಡ, ಹಫೀಜಾ ಗಲ್ಲಕ್ಕೆ ಕೈಯಿಟ್ಟಳು.

“ಅರೇ ಅಕ್ಕಾ, ನಮ್ದೂ ಅದೇ ಆಯ್ತಲ್ಲ! ಸಾತ್, ಆಠ್, ನೌ, ದಸ್! ನೌ ನವೆಂಬರು, ದಸ್ ಡಿಸೆಂಬರು!”

ಸುತ್ತಲಿದ್ದವರು ಕಿವಿಗೊಟ್ಟರು. ಗಫಾರನೂ ಹತ್ತಿರ ಬಂದ. ಕೇಳುವವರು ಹೆಚ್ಚಾದಂತೆ ರಾಧಾಮಣಿಗೆ ಹುರುಪೂ ಹೆಚ್ಚಾಯಿತು. ಶಾಲಿನಿ ಹೇಳಿಕೊಟ್ಟಿದ್ದು ಮುಗಿದ ಮೇಲೆ ತನ್ನದೇ ಸೇರಿಸಿದಳು: “ಈಗ ಬೈಪಾಸು. ಊರೊಳಗೆ ಒಂದು ರೋಡು, ಆಚೆಗೊಂದು ರೋಡು. ಎರಡಾಯ್ತಲ್ಲ, ಅದ್ಕೇ ಬೈ! ಬೈ ಎಲೆಕ್ಷನ್ನೂ ಹಂಗೇ. ಒಂದ್ಸಲ ಓಟು ಹಾಕಿದ ಮೇಲೆ ಎರಡನೇ ಸಲ ಹಾಕೋದು.”

“ಕರೆಕ್ಟ್!” ಎಂದ ಗಫಾರ್. “ಚನ್ನಪಟ್ಟಣದಲ್ಲಿ ನಾವೂ ಎರಡೆರಡು ಸಲ ಹಾಕಿಲ್ವಾ?” ಸುತ್ತಲಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ರಾಧಾಮಣಿ ಆ ದಿನ ನೆಲದಿಂದ ಗೇಣುದ್ದ ಮೇಲೆ ನಡೆದು ಊರಿಗೆ ಬಂದಳು.

ಮಾರನೆಯ ಸಂಜೆ ಅದನ್ನೆಲ್ಲ ಹೇಳಿದಾಗ ಶಾಲಿನಿ ನಗುತ್ತ ನಗುತ್ತ ಬೆಂಚಿನಿಂದ ಜಾರುವ ಹಾಗಾದಳು. “ರಾಧಕ್ಕ, ಅದು ಬೇರೆ ಬೈ! ಅದರ ಸ್ಪೆಲ್ಲಿಂಗೇ ಬೇರೆ, ಬಿ, ವೈ. ಇಂಗ್ಲಿಷಿನವರ ಸ್ವಂತ ಮಾತು. ಪಕ್ಕ, ಬಳಿ ಅಂತ ಅರ್ಥ. ಊರಿನ ಪಕ್ಕದಲ್ಲಿ ಹಾದು ಹೋಗೋದು ಬೈಪಾಸು. ದೊಡ್ಡ ಚುನಾವಣೆ ಪಕ್ಕದಲ್ಲಿ ನಡೆಯೋ ಚಿಕ್ಕದು ಬೈ ಎಲೆಕ್ಷನ್ನು. ಕಿವಿಗೆ ಒಂದೇ ಥರ ಕೇಳಿದ್ರೆ ಒಂದೇ ಮನೆಯವರಾಗಲ್ಲ.”

ರಾಧಾಮಣಿ ಪುಸ್ತಕ ಮಡಚಿ ಎದ್ದಳು. ಅಷ್ಟು ಜನರ ಮುಂದೆ! ಎರಡು ದಿನ ಪುಸ್ತಕದ ಕಡೆ ತಿರುಗಿ ನೋಡಲಿಲ್ಲ. ಸಂಜೆಯಾದರೆ ತೋಟದಲ್ಲಿ ಇಲ್ಲದ ಕೆಲಸ ಹುಡುಕಿಕೊಂಡು ನಿಂತಳು. ಕೊನೆಗೆ ಕೆಂಚಮ್ಮನೇ ತೋಟಕ್ಕೆ ಬಂದಳು.

“ಮೇಡಮ್ಮ ಕಾಯ್ತಾ ಅವ್ರೆ. ಹುಳಕ್ಕೆ ಕಾಯ್ಲೆ ಬಂದು ಒಂದು ಬೆಳೆ ಹೋದಾಗ ಶೆಡ್ಡು ಮುಚ್ಚಿದ್ಯಾ? ತೊಳೆದು ಸುಣ್ಣ ಹಾಕಿ ಮತ್ತೆ ಮೇಯಿಸ್ಲಿಲ್ವಾ? ಓಗು ಓಗು.”

ರಾಧಾಮಣಿ ಹೋದಳು. ಮುಂದಿನ ಸಲ ಗೂಡು ತೆಗೆದುಕೊಂಡು ರಾಮನಗರಕ್ಕೆ ಹೋದಾಗ ನೇರವಾಗಿ ಹಫೀಜಾಳ ಮುಂದೆ ನಿಂತು, ತಾನು ಹೇಳಿದ ಬೈಪಾಸು ತಪ್ಪು ಎಂದಳು. ಹಫೀಜಾ ಹಣೆ ಚಚ್ಚಿಕೊಂಡಳು. “ಯಾ ಅಲ್ಲಾ! ನಮ್ ಯಜಮಾನ್ರು ಆಗ್ಲೇ ಅರ್ಧ ಚನ್ನಪಟ್ಟಣಕ್ಕೆ ಹೇಳ್ಬಿಟ್ರಲ್ಲ ಅಕ್ಕಾ!” ಇಬ್ಬರೂ ಗೂಡಿನ ರಾಶಿಗೆ ಒರಗಿಕೊಂಡು ನಕ್ಕರು. ಆ ನಗುವಿನಲ್ಲಿ ರಾಧಾಮಣಿಯ ಭಾರ ಇಳಿಯಿತು. ತಪ್ಪು ಹೇಳಿದ್ದಾಯಿತು, ತಿದ್ದಿದ್ದೂ ಆಯಿತು, ಯಾರ ಮನೆಯೂ ಮುಳುಗಲಿಲ್ಲ. ಅಂದಿನಿಂದ ಅವಳು ಇಂಗ್ಲಿಷನ್ನು ಗಟ್ಟಿಯಾಗಿ ಓದತೊಡಗಿದಳು. ತಪ್ಪಾದರೆ ಶಾಲಿನಿ ತಿದ್ದುತ್ತಾಳೆ, ಅಷ್ಟೇ ತಾನೆ.

ಪರೀಕ್ಷೆ ಕನಕಪುರದಲ್ಲಿ. ಅಶ್ವಥ್ ಬೈಕಿನಲ್ಲಿ ಬಿಟ್ಟು, “ಹೆದರ್ಕೋಬೇಡ, ಹೋದ್ರೆ ಇನ್ನೊಂದ್ಸಲ,” ಎಂದು ಹೇಳಿ, ತಾನೇ ಹೆದರಿದವನಂತೆ ಗೇಟಿನ ಬಳಿ ನಿಂತ. ಒಳಗೆ ಬಾಗಿಲಲ್ಲಿದ್ದ ಮೇಷ್ಟ್ರು ರಾಧಾಮಣಿಯನ್ನು ನೋಡಿ, “ತಾಯಿ, ಪೋಷಕರು ಗೇಟಿಂದ ಆಚೆ ಇರಬೇಕು,” ಎಂದರು. ಅವಳು ಹಾಲ್ ಟಿಕೆಟ್ಟು ತೋರಿಸಿದಳು. ಅವರು ಅದನ್ನೂ ಅವಳನ್ನೂ ನೋಡಿ, ಪಕ್ಕಕ್ಕೆ ಸರಿದು, “ಬನ್ನಿ ಬನ್ನಿ, ಫ್ಯಾನಿನ ಕೆಳಗೇ ನಿಮ್ಮ ನಂಬರು,” ಎಂದರು.

ಪ್ರಶ್ನೆಪತ್ರಿಕೆ ಬಂತು. ಈ ಸಲ ಅಕ್ಷರಗಳು ಓಡಿಹೋಗಲಿಲ್ಲ. ಮೊದಲಿನಿಂದ ಕೊನೆಯವರೆಗೆ ಹುಡುಕಿದಳು: ಯೂನಿ ಬೈ ಟ್ರೈ ಬಗ್ಗೆ ಒಂದಾದರೂ ಪ್ರಶ್ನೆ? ಇಲ್ಲ! ಇಷ್ಟೆಲ್ಲ ಕಲಿತಿದ್ದಕ್ಕೆ ಒಂದೇ ಒಂದು ಮಾರ್ಕಿನದೂ ಇಲ್ಲ. ಅವಳಿಗೆ ಸಿಟ್ಟೇ ಬಂತು. ಆ ಸಿಟ್ಟಿನಲ್ಲೇ ಬರೆಯಲು ಕೂತಳು. ಗೊತ್ತಿದ್ದದ್ದನ್ನು ಬರೆದಳು, ಗೊತ್ತಿಲ್ಲದ್ದಕ್ಕೆ ತನಗೆ ತೋಚಿದ್ದನ್ನು ಬರೆದಳು. ಕೊನೆಗೆ ಒಂದು ಗದ್ಯಭಾಗ ಓದಿ ಉತ್ತರಿಸುವುದು ಬಂತು. ಯಾವುದೋ ಊರಿನ ಹಳೆಯ ಶಾಲೆಯ ಸಂಗತಿ. ಈ ವರ್ಷ ಅದರ ‘ಬೈಸೆಂಟಿನರಿ’ ಹಬ್ಬವಂತೆ. ಪ್ರಶ್ನೆ: ಆ ಶಾಲೆಗೆ ಎಷ್ಟು ವರ್ಷ?

ವರ್ಷ ಎಲ್ಲೂ ಬರೆದಿರಲಿಲ್ಲ. ಮುಂದಿನ ಹುಡುಗಿ ಪೆನ್ನಿನ ತುದಿ ಕಚ್ಚುತ್ತ ಸೂರು ನೋಡುತ್ತಿದ್ದಳು. ರಾಧಾಮಣಿ ಆ ಉದ್ದ ಪದವನ್ನು ಬೆರಳಿನಿಂದ ಮುಚ್ಚಿ ಸ್ವಲ್ಪ ಸ್ವಲ್ಪವೇ ತೆರೆದಳು. ಬೈ. ಸ್ಪೆಲ್ಲಿಂಗು ನೋಡಿದಳು: ಬಿ, ಐ. ಸರಿ, ನಮ್ಮ ಮನೆಯದೇ. ಆಮೇಲೆ ಸೆಂಟ್. ನೂರು. ಎರಡು ನೂರು! ಅವಳಿಗೆ ಆ ಹಾಲಿನಲ್ಲೇ ಜೋರಾಗಿ ನಗಬೇಕೆನಿಸಿತು. ಇನ್ನೂರು ವರ್ಷ ಎಂದು ಇಂಗ್ಲಿಷಿನಲ್ಲಿ ದಪ್ಪಗೆ ಬರೆದು, ಕೆಳಗೆ ಗೆರೆಯನ್ನೂ ಎಳೆದಳು.

ಫಲಿತಾಂಶದ ದಿನ ಅಶ್ವಥ್ ಮೊಬೈಲು ಹಿಡಿದು ಸಿಗ್ನಲ್ಲಿಗಾಗಿ ತೋಟದ ದಿಬ್ಬ ಹತ್ತಿದ. ರಾಧಾಮಣಿ ಹುಳಕ್ಕೆ ಸೊಪ್ಪು ಹಾಕುತ್ತಲೇ ಇದ್ದಳು. ದಿಬ್ಬದ ಮೇಲಿಂದ ಕೂಗು ಬಂತು: “ಪಾಸು ಕಣಮ್ಮಿ! ಬೇಲಿ ಅಂಚಲ್ಲಿ ನಿಂತೈತೆ, ಆದ್ರೂ ಪಾಸು!”

ಅವಳು ಸೊಪ್ಪಿನ ಬುಟ್ಟಿಯ ಮೇಲೇ ಕುಸಿದು ಕೂತು ಅತ್ತಳು. ಹದಿನಾರನೇ ವಯಸ್ಸಿನಲ್ಲಿ ಅಳದೆ ಉಳಿಸಿಕೊಂಡದ್ದೆಲ್ಲ ಅವತ್ತು ಹೊರಗೆ ಬಂತು. ಕೆಂಚಮ್ಮ ಏನೂ ಕೇಳದೆ ಒಳಗೆ ಹೋಗಿ ಒಬ್ಬಟ್ಟಿಗೆ ಬೇಳೆ ಇಟ್ಟಳು. ಸಂಜೆ ಶಾಲಿನಿಗೆ ಬಾಳೆಲೆಯಲ್ಲಿ ಕಟ್ಟಿಕೊಟ್ಟದ್ದಲ್ಲದೆ, ಬಸ್ಸಿನ ಡ್ರೈವರಿಗೂ ಕಂಡಕ್ಟರಿಗೂ ಒಂದೊಂದು ಸಿಕ್ಕಿತು. ಯಾಕೆಂದು ಅವರಿಗೆ ತಿಳಿಯಲಿಲ್ಲ, ತಿಂದರು.

ಒಕ್ಕೂಟದವರು ತರಬೇತಿ ಕೊಡಲು ಅವಳಿಗೆ ಒಪ್ಪಿಸಿದ ಮೊದಲ ಊರು ಸಾವನದುರ್ಗದ ಬುಡದಲ್ಲಿತ್ತು. ಒಂದು ಶೆಡ್ಡಿನ ಮುಂದೆ ಚಾಪೆ ಹಾಸಿ ಹೆಂಗಸರು ಕಾಯುತ್ತಿದ್ದರು. ರಾಧಾಮಣಿ ಇಸ್ತ್ರಿ ಸೀರೆ ಉಟ್ಟು, ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಮಾತನ್ನು ಶುರು ಮಾಡಿದಳು. ನಾಲ್ಕು ಮಾತು ಆಡುವಷ್ಟರಲ್ಲಿ ಒಳಗಿಂದ ಆ ಮನೆಯಾಕೆ ಓಡಿಬಂದಳು: “ಅಕ್ಕ, ಹುಳ ಹಣ್ಣಾಗ್ಬುಟ್ಟವೆ! ಎಲ್ಲ ಒಟ್ಗೇ!”

ಹಣ್ಣಾದ ಹುಳ ಎಂದರೆ ನೂಲು ಬಿಡಲು ಸಿದ್ಧವಾದ ಹುಳ. ಅದು ಭಾಷಣ ಮುಗಿಯಲಿ ಎಂದು ಕಾಯುವುದಿಲ್ಲ. ರಾಧಾಮಣಿ ಸೆರಗು ಬಿಗಿದು ಒಳಗೆ ನುಗ್ಗಿದಳು, ಚಾಪೆಯ ಮೇಲಿದ್ದವರೆಲ್ಲ ಹಿಂದೆಯೇ ಎದ್ದರು. ಮೈ ತಿಳಿಯಾಗಿ ಹೊಳೆಯುತ್ತ ತಲೆಯೆತ್ತಿ ಆಡಿಸುತ್ತಿದ್ದ ಹುಳಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಸುತ್ತು ಹೆಣೆದ ಬಿದಿರು ತಟ್ಟಿಗೆ, ಅಂದರೆ ಚಂದ್ರಿಕೆಗೆ ಬಿಡುವುದನ್ನು ಕೈಯಲ್ಲೇ ತೋರಿಸಿದಳು. ಮಧ್ಯಾಹ್ನ ಇಳಿಯುವವರೆಗೂ ಯಾರೂ ಕೂರಲಿಲ್ಲ. ಕಾಫಿ ಬಂದಾಗ ಮೊದಲ ಹುಳಗಳು ಆಗಲೇ ತಮ್ಮ ಸುತ್ತ ತೆಳ್ಳನೆಯ ಬಿಳಿ ಎಳೆ ಸುತ್ತಿಕೊಳ್ಳುತ್ತಿದ್ದವು. ಹೆಂಗಸರು ಲೋಟ ಹಿಡಿದು ಬಗ್ಗಿ ನೋಡುತ್ತಿದ್ದರು, ರಾಧಾಮಣಿಯೂ ಅವರ ನಡುವೆ ಬಗ್ಗಿ ನೋಡುತ್ತ ನಿಂತಿದ್ದಳು.